ಅಬ್ಬಾರ ಮೋರಿಸ್ ಮತ್ತು ನಲವತ್ತು ಪಾಲು

ಸಹೋದರಿಯರೇ, ನಿಮ್ಮಲ್ಲಿ ಮೂವತ್ತು ದಾಟಿದ ಹೆಚ್ಚಿನವರು ಅಂಬಾಸಿಡರ್ ಕಾರಿನಲ್ಲಿ ಒಮ್ಮೆಯಾದರೂ ಕುಳಿತಿರುತ್ತೀರಿ. ಮದುವೆಗೋ, ಹೆರಿಗೆಗೆ ಆಸ್ಪತ್ರೆಗೋ, ಹಜ್ಜಿಗೆ ಹೊರಟವರನ್ನು ಬೀಳ್ಕೊಡಲಿಕ್ಕೋ ಆ ಕಾರೇ ಬರುತ್ತಿತ್ತು. ಅದು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಭಾರತೀಯ ರೂಪ. ಕೊಲ್ಕತ್ತಾ ಸಮೀಪದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದುದು 2014ರಲ್ಲಿ ನಿಂತುಹೋಯಿತು. ನಾನು ಹೇಳಹೊರಟಿರುವುದು ಅದೇ ಬಳಗದ ಚಿಕ್ಕ ಕಾರಿನ ವಿಷಯ. ಅದರ ಹೆಸರು ಮೋರಿಸ್ ಮೈನರ್. ನಮ್ಮ ಅಬ್ಬಾ ಹನ್ನೊಂದು ವರ್ಷ ಕೈಯಾರೆ ದುರಸ್ತಿ ಮಾಡಿದ್ದ ಕಾರನ್ನು ಕಳೆದ ವರ್ಷ ನಾವು ಮಾರಿದೆವು.

ಕಾರಿನ ವಿಷಯ ಹೆಂಗಸರಿಗೇಕೆ ಎಂದು ಪುಟ ತಿರುವಬೇಡಿ. ಇದರಲ್ಲಿ ನಿಮ್ಮ ಪಾಲಿನ ಮಾತೂ ಇದೆ.

ಅಬ್ಬಾ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ನಿವೃತ್ತರಾದ ಮರುವರ್ಷ, 1998ರಲ್ಲಿ, ಧಾರವಾಡದ ಮಾಳಮಡ್ಡಿಯ ಒಂದು ಹಳೇ ಮನೆಯ ಹಿತ್ತಲಿನಿಂದ ಇದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಒಳಗೆ ಕೋಳಿಗಳಿದ್ದವು. ಹಿಂದಿನ ಸೀಟಿನಲ್ಲಿ ಮೊಟ್ಟೆ ಸಿಕ್ಕಿದ್ದು ನನ್ನ ತಮ್ಮನಿಗೆ ಇಂದಿಗೂ ನೆನಪಿದೆ. ಕೊಟ್ಟ ಹಣ ಇಪ್ಪತ್ತೆರಡು ಸಾವಿರ. ಪಿಂಚಣಿಯ ಹಣವನ್ನು ಗುಜರಿಗೆ ಹಾಕಿದರು ಎಂದು ಅಮ್ಮಿ ವಾರಗಟ್ಟಲೆ ಮಾತು ಬಿಟ್ಟಿದ್ದರು.

ಅದು 1954ರ ಕಾರು. ಆಗ ಧಾರವಾಡ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಇಂಜಿನ್ 803 ಸಿಸಿ, ಅಂದರೆ ನಮಗೆಲ್ಲ ಗೊತ್ತಿರುವ ಮಾರುತಿ 800ರಷ್ಟೇ ಎನ್ನಬಹುದು. ಮುಂದಿನ ಗಾಜು ಒಂದೇ ಅಲ್ಲ, ನಡುವೆ ಪಟ್ಟಿಯಿಟ್ಟು ಎರಡು ತುಂಡು. ತಿರುಗುವಾಗ ಮಿಣುಕುವ ದೀಪವಿಲ್ಲ. ಬಾಗಿಲ ಪಕ್ಕದ ಕಂಬದಿಂದ ಒಂದು ಚಿಕ್ಕ ಕೈ ಹೊರಬರುತ್ತದೆ, ರೈಲಿನ ಹಳೇ ಸಿಗ್ನಲ್ಲಿನ ಹಾಗೆ. ರೈಲ್ವೆಯವರಾದ ಅಬ್ಬಾರಿಗೆ ಕಾರಿನ ಮೇಲೆ ಮನಸ್ಸು ಕೂತಿದ್ದು ಅದನ್ನು ನೋಡಿಯೇ ಇರಬೇಕು. ಚಾವಿ ತಿರುಗಿಸಿದರೆ ಪೆಟ್ರೋಲ್ ಪಂಪು ಟಿಕ್ ಟಿಕ್ ಎನ್ನುತ್ತದೆ. ಆ ಸದ್ದು ನಿಧಾನವಾದ ಮೇಲೆಯೇ ಸ್ಟಾರ್ಟ್ ಮಾಡಬೇಕು. ಮಕ್ಕಳು ಅದನ್ನು ಕಾರಿನ ತಸ್ಬೀಹ್ ಎನ್ನುತ್ತಿದ್ದರು.

ಇದನ್ನು ರೂಪಿಸಿದ ಅಲೆಕ್ ಇಸಿಗೋನಿಸ್ ಹುಟ್ಟಿದ್ದು 1906ರಲ್ಲಿ, ಉಸ್ಮಾನಿಯಾ ಸಾಮ್ರಾಜ್ಯದ ಸ್ಮಿರ್ನಾದಲ್ಲಿ, ಅಂದರೆ ಇಂದಿನ ಇಜ್ಮಿರ್‌ನಲ್ಲಿ. 1948ರಲ್ಲಿ ಕಾರು ಮಾರುಕಟ್ಟೆಗೆ ಬರುವ ಮುನ್ನ, ಕಡೇ ಗಳಿಗೆಯಲ್ಲಿ, ಅದು ತೀರಾ ಸಪೂರವಾಗಿದೆ ಎನ್ನಿಸಿ, ಮಾದರಿಯನ್ನು ಉದ್ದಕ್ಕೆ ಎರಡು ಭಾಗ ಮಾಡಿಸಿ, ಕಣ್ಣಿಗೆ ಸರಿ ಕಾಣುವವರೆಗೆ ದೂರ ಸರಿಸಿದರಂತೆ. ನಾಲ್ಕು ಇಂಚು ಹೆಚ್ಚಾಯಿತು. ಬಾನೆಟ್ಟಿನ ನಡುವೆ ಕಾಣುವ ಪಟ್ಟಿ ಆ ನಾಲ್ಕು ಇಂಚಿನ ಗುರುತು. ಮನೆಗೆ ಬಂದ ಪ್ರತಿಯೊಬ್ಬ ಅತಿಥಿಗೂ ಅಬ್ಬಾ ಆ ಪಟ್ಟಿಯ ಮೇಲೆ ಬೆರಳಾಡಿಸಿ ಈ ಕತೆ ಹೇಳುತ್ತಿದ್ದರು. ಚಹಾ ಆರಿಹೋದರೂ ಬಿಡುತ್ತಿರಲಿಲ್ಲ.

ತುಕ್ಕು ತಿಂದ ಪತ್ರಾ ಕತ್ತರಿಸಿ ಹೊಸದು ಬೆಸೆಯಲು ಗೋಕುಲ ರೋಡಿನ ಗ್ಯಾರೇಜಿಗೆ ಹೋಗುವುದು, ಸಿಗದ ಬಿಡಿಭಾಗವನ್ನು ಪರಿಚಯದವರ ಲೇತಿನಲ್ಲಿ ಮಾಡಿಸುವುದು, ಇಂಗ್ಲೆಂಡಿನಿಂದ ಬರುವ ಯಾರದೋ ಕೈಯಲ್ಲಿ ರಬ್ಬರ್ ತರಿಸುವುದು. ಹೀಗೆ 2009ರ ಹೊತ್ತಿಗೆ ಕಾರು ಉಣಕಲ್ ಕೆರೆಯವರೆಗೆ ತಾನೇ ಹೋಗಿ ತಾನೇ ಬಂತು. ಆ ದಿನ ಮುಂದಿನ ಸೀಟಿನಲ್ಲಿ ಕುಳಿತಿದ್ದವರು ಅಮ್ಮಿ!

ಎರಡು ವರ್ಷದ ಹಿಂದೆ ಅಬ್ಬಾ ತೀರಿಕೊಂಡರು. ಮನೆ ಅಮ್ಮಿಯ ಹೆಸರಿನಲ್ಲಿತ್ತು. ಬ್ಯಾಂಕಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಬಿಟ್ಟುಹೋದ ಆಸ್ತಿಯೆಂದರೆ ಈ ಕಾರು. ದಮ್ಮಾಮಿನಲ್ಲಿರುವ ಭಾಯಿಜಾನ್ ಫೋನಿನಲ್ಲಿ ಒಂದೇ ಮಾತು, "ಅಬ್ಬಾರ ನಿಶಾನಿ, ಮಾರುವುದು ಬೇಡ." ಊರಲ್ಲಿ ಇಲ್ಲದವರಿಗೆ ಇಂಥ ಪ್ರೀತಿ ಸ್ವಲ್ಪ ಹೆಚ್ಚೇ ಇರುತ್ತದೆ. ಮಳೆಗಾಲದಲ್ಲಿ ಶೆಡ್ಡು ಸೋರಿದಾಗ ಹೊದಿಕೆ ಎಳೆಯುತ್ತಿದ್ದವನು ತಮ್ಮ. ಈ ಕಾರಿನ ಮುಂದಿನ ಚಕ್ರದ ಕೀಲಿಗೆ ಸಾವಿರ ಮೈಲಿಗೊಮ್ಮೆ ಗ್ರೀಸ್ ಗನ್ ಹಿಡಿಯಬೇಕು. ಬಿಟ್ಟರೆ ಕೀಲು ಸವೆದು ಒಂದು ದಿನ ಚಕ್ರವೇ ಮಡಚಿ ಬೀಳುತ್ತದೆ. ಮೋರಿಸ್ ಮೈನರ್‌ಗಳಿಗೆಲ್ಲ ಇರುವ ಕಾಯಿಲೆ ಇದು. ನಿಲ್ಲಿಸಿಟ್ಟ ಕಾರು ನಿಶಾನಿಯಾಗಿ ಉಳಿಯುವುದಿಲ್ಲ, ತುಕ್ಕಾಗುತ್ತದೆ. ಒಬ್ಬರು ಇಟ್ಟುಕೊಂಡು ಉಳಿದವರ ಪಾಲಿನ ಹಣ ಕೊಡಬಹುದಿತ್ತು, ಅದಕ್ಕೂ ದಾರಿಯಿದೆ. ಆದರೆ ಆ ಹೊತ್ತಿಗೆ ಯಾರ ಕೈಯಲ್ಲೂ ಅಷ್ಟು ಹಣವಿರಲಿಲ್ಲ.

ಕೊಳ್ಳಲು ಬಂದವರು ಬೆಳಗಾವಿಯವರು, ಹಳೇ ಕಾರುಗಳ ಹುಚ್ಚಿನವರು. ನಾಲ್ಕೂವರೆ ಲಕ್ಷಕ್ಕೆ ಬಾಯಿಮಾತು ಆಯಿತು. ನಾನು ಮದ್ರಸಾದಲ್ಲಿ ವ್ಯಾಪಾರದ ಅಧ್ಯಾಯ ಕಲಿಸುವವಳು. ಬಿಎ ಓದಿದ್ದು ನಂತರ. ವಸ್ತುವಿನ ದೋಷವನ್ನು ಮಾರುವವನು ಮುಚ್ಚಿಟ್ಟರೆ ಅದನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ. ಅದಕ್ಕೆ ಖಿಯಾರುಲ್ ಐಬ್ ಎನ್ನುತ್ತಾರೆ. ಹುಡುಗಿಯರಿಗೆ ಕಲಿಸುವಾಗ ನಾನು ಕುರಿ, ಬಟ್ಟೆಯ ಉದಾಹರಣೆ ಕೊಡುತ್ತಿದ್ದೆ. ಈಗ ಕಾಗದ ತೆಗೆದುಕೊಂಡು ಕಾರಿನದೇ ಬರೆದೆ. ಎಡಗಡೆ ಮುಂದಿನ ಕೀಲು ಸವೆದಿದೆ. ಎಡಬಾಗಿಲ ಕೆಳಗಿನ ಪತ್ರಾ ಎರಡು ಸಲ ಬೆಸೆದದ್ದು, ಬಣ್ಣದಡಿ ಕಾಣುವುದಿಲ್ಲ. ಎರಡನೇ ಗೇರು ಇಳಿಜಾರಿನಲ್ಲಿ ತಾನಾಗಿ ಜಾರುತ್ತದೆ.

ತಮ್ಮ ಓದಿ, "ಆಪಾ, ಇದನ್ನು ಕೊಟ್ಟರೆ ಅವರು ಬೆಲೆ ಇಳಿಸುತ್ತಾರೆ" ಎಂದ. ಇಳಿಸಿದರು. ಕಾರಿನ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿ ಎದ್ದು, "ಅಕ್ಕಾರ, ನೀವು ಬರದದ್ದು ಖರೇ ಐತ್ರಿ. ಮೂವತ್ತು ಸಾವಿರ ಕಡಿಮಿ ಮಾಡ್ರಿ" ಎಂದರು. ನಾಲ್ಕು ಲಕ್ಷ ಇಪ್ಪತ್ತು ಸಾವಿರಕ್ಕೆ ಮುಗಿಯಿತು. ತಮ್ಮ ಆ ರಾತ್ರಿ ಊಟ ಮಾಡುವಾಗ ನನ್ನ ಕಡೆ ನೋಡಲಿಲ್ಲ.

ಕಾಗದಪತ್ರದ ಕೆಲಸವನ್ನೂ ಹೇಳಿಬಿಡುತ್ತೇನೆ, ನಿಮಗೆ ಬೇಕಾದೀತು. ಮಾಲೀಕರು ತೀರಿಕೊಂಡರೆ ವಾಹನವನ್ನು ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕು. ಅದಕ್ಕೆ ಆರ್‌ಟಿಒ ಕಚೇರಿಯಲ್ಲಿ ಫಾರ್ಮ್ 31. ನಾವೆಲ್ಲ ಒಪ್ಪಿಗೆ ಬರೆದುಕೊಟ್ಟು ಅಮ್ಮಿಯ ಹೆಸರಿಗೆ ಮಾಡಿಸಿದೆವು. ನಂತರ ಕೊಂಡವರ ಹೆಸರಿಗೆ ಫಾರ್ಮ್ 29 ಮತ್ತು 30. 2021ರಲ್ಲಿ ಬಂದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆಮೇಲೆ ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನ, ರ್‍ಯಾಲಿ ಇಂಥವಕ್ಕೆ ಮಾತ್ರ. ಬೆಳಗಾವಿಯವರು ಹಾಗೆ ಮಾಡಿಸುವವರಿದ್ದರು. ಅಮ್ಮಿ ಕೇಳಿದ್ದು ಒಂದೇ, "ನಂಬರ್ ಬದಲಾಗುತ್ತದೆಯೇ?" ಈಗಾಗಲೇ ನೋಂದಣಿಯಾದ ಕಾರು ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು ಎಂದಾಗ ಸಹಿ ಹಾಕಿದರು.

ಇನ್ನು ಪಾಲು. ಮೊದಲು ಸಾಲ. ಕಡೇ ಸಲ ಬಣ್ಣ ಹೊಡೆಸಿದ್ದರಲ್ಲಿ ಪೇಂಟರಿಗೆ ಇಪ್ಪತ್ತು ಸಾವಿರ ಬಾಕಿಯೆಂದು ಅಬ್ಬಾರ ಪುಸ್ತಕದಲ್ಲಿತ್ತು. ಆ ಮನುಷ್ಯ ಬಾಯಿಬಿಟ್ಟು ಕೇಳಿರಲಿಲ್ಲ. ಕೊಟ್ಟೆವು. ಉಳಿದದ್ದು ಸರಿಯಾಗಿ ನಾಲ್ಕು ಲಕ್ಷ. ಸೂರಃ ಅನ್ನಿಸಾದ 11 ಮತ್ತು 12ನೆಯ ವಚನಗಳಂತೆ ಮಕ್ಕಳಿರುವಾಗ ಪತ್ನಿಗೆ ಎಂಟನೆಯ ಒಂದು. ಅಬ್ಬಾರ ತಂದೆತಾಯಿ ಮೊದಲೇ ತೀರಿಕೊಂಡಿದ್ದರಿಂದ ಉಳಿದದ್ದು ಮಕ್ಕಳಿಗೆ, ಗಂಡಿಗೆ ಎರಡು, ಹೆಣ್ಣಿಗೆ ಒಂದು. ಒಟ್ಟು ನಲವತ್ತು ಪಾಲು ಮಾಡಿದರೆ ಅಮ್ಮಿಗೆ ಐದು, ಅಣ್ಣನಿಗೆ ಹದಿನಾಲ್ಕು, ತಮ್ಮನಿಗೆ ಹದಿನಾಲ್ಕು, ನನಗೆ ಏಳು. ಅಂದರೆ ಅಮ್ಮಿಗೆ ಐವತ್ತು ಸಾವಿರ, ಅವರಿಬ್ಬರಿಗೆ ಒಂದು ಲಕ್ಷ ನಲವತ್ತು ಸಾವಿರದಂತೆ, ನನಗೆ ಎಪ್ಪತ್ತು ಸಾವಿರ.

ಮನೆಗೆ ಬಂದಿದ್ದ ಮಾಮಿ ಇದನ್ನು ಕೇಳಿ, "ಕಾರಿನಲ್ಲಿ ಹೆಣ್ಣುಮಗಳ ಪಾಲು ಎಲ್ಲಿಂದ ಬಂತು? ಮಾಫ್ ಮಾಡಿಬಿಡು, ತವರಿನ ಬಾಗಿಲು ತೆರೆದಿರಲಿ" ಎಂದರು. ಅವರೂ ತಮ್ಮ ಪಾಲನ್ನು ಹಾಗೆಯೇ ಬಿಟ್ಟುಕೊಟ್ಟವರು. ಎಷ್ಟು ಎಂದು ಲೆಕ್ಕ ಹಾಕಿ ಹೇಳಿದವರು ಯಾರೂ ಇರಲಿಲ್ಲವಂತೆ. ಇದು ನಮ್ಮ ಕಡೆಯ ಮನೆ ಮನೆಯ ಕತೆ. ನಮಾಝ್, ರೋಝಾ ತಪ್ಪದವರೂ ಸಹೋದರಿಯ ಪಾಲು ಬಂದಾಗ ಅವಳ ನಾಚಿಕೆಯ ಮೇಲೆ ಭಾರ ಹಾಕುತ್ತಾರೆ. 1937ರ ಶರೀಅತ್ ಕಾಯ್ದೆಯ ಪ್ರಕಾರವೂ ಇಂಥ ಆಸ್ತಿ ಶರೀಅತ್‌ನಂತೆಯೇ ಹಂಚಿಕೆಯಾಗಬೇಕು. ನಾನು ಮಾಮಿಗೆ ಹೇಳಿದೆ, "ನನ್ನ ಪಾಲಿಗಿಂತ ಒಂದು ರೂಪಾಯಿ ಹೆಚ್ಚು ಕೇಳಿಲ್ಲ, ಕಡಿಮೆಯೂ ತೆಗೆದುಕೊಳ್ಳುವುದಿಲ್ಲ. ಅಮ್ಮಿಗೆ ಉಡುಗೊರೆ ಕೊಡಬೇಕೆನಿಸಿದರೆ ಹಣ ಕೈಗೆ ಬಂದ ಮೇಲೆ ಕೊಡುತ್ತೇನೆ." ಫೋನಿನಲ್ಲಿ ಎಲ್ಲವನ್ನೂ ಕೇಳುತ್ತಿದ್ದ ಭಾಯಿಜಾನ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳ ಲೆಕ್ಕ ಸರಿಯಾಗಿದೆ, ಅವಳದನ್ನು ಮೊದಲು ಕೊಡಿ" ಎಂದರು. ಆ ಹಣ ಮಗಳ ಕಾಲೇಜಿಗೆ ಹೋಯಿತು.

ಕಾರು ಹೋದ ದಿನ ಬೆಳಗಾವಿಯವರು ಅಬ್ಬಾರ ಪುಸ್ತಕವನ್ನೂ ಕೇಳಿದರು. ಯಾವ ತಾರೀಖಿಗೆ ಎಲ್ಲಿ ಗ್ರೀಸ್ ಹಾಕಿದ್ದು, ಆಗ ಎಷ್ಟು ಮೈಲಿ ಆಗಿತ್ತು, ಎಲ್ಲವೂ ಅದರಲ್ಲಿದೆ. ಅಮ್ಮಿ ಕೊಡಲಿಲ್ಲ. ತಮ್ಮ ಹೋಗಿ ಝೆರಾಕ್ಸ್ ಮಾಡಿಸಿ ತಂದುಕೊಟ್ಟ.

ಎರಡು ತಿಂಗಳ ಮೇಲೆ ಅವರದೇ ಫೋನು ಬಂತು. ಎಡಗಡೆಯ ಕೀಲು ಇಂಗ್ಲೆಂಡಿನಿಂದ ತರಿಸಿ ಹಾಕಿದ್ದಾಯಿತು ಎಂದು ತಿಳಿಸಲು. ಅಮ್ಮಿ ಫೋನು ಇಸಿದುಕೊಂಡು ಮೀಟರಿನಲ್ಲಿ ಎಷ್ಟು ಮೈಲಿ ತೋರಿಸುತ್ತಿದೆ ಎಂದು ಕೇಳಿದರು. ಅವರು ನೋಡಿ ಬಂದು ಹೇಳಿದರು. ಅಮ್ಮಿ ಟ್ರಂಕಿನಿಂದ ಪುಸ್ತಕ ತೆಗೆಸಿ, ಅಬ್ಬಾರ ಕಡೇ ಸಾಲಿನ ಕೆಳಗೆ ನನ್ನ ಕೈಯಿಂದ ಆ ಅಂಕಿ ಬರೆಸಿದರು.