ಡೊಳ್ಳಿನ ಪಕ್ಕ ಸ್ಯಾಕ್ಸೊಫೋನು

ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟನ್ನು ಸಂಗೀತವೆಂದು ಒಪ್ಪದವರು ಶಿವಮೊಗ್ಗದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರ ಜೊತೆ ವಾದಕ್ಕಿಳಿಯುವುದನ್ನು ಬಿಟ್ಟಿದ್ದೇನೆ. ಕ್ಲಾರಿಯೊನೆಟ್, ಟ್ರಂಪೆಟ್, ಸ್ಯಾಕ್ಸೊಫೋನ್, ಯುಫೋನಿಯಂ, ಸೈಡ್ ಡ್ರಮ್ ಸೇರಿದ ದೊಡ್ಡ ತಂಡವೊಂದಕ್ಕೆ ಕೋಲಾಟದ ಮಟ್ಟನ್ನೋ ಡೊಳ್ಳಿನ ಗತ್ತನ್ನೋ ಹಂಚಿ ಬರೆದುಕೊಡುವುದು ನನ್ನ ಸಂಜೆಗಳ ಚಟ. ಕಾಸು ಹುಟ್ಟುವ ಕೆಲಸವಲ್ಲ. ಆದರೆ ಹೊಸ ಹಾಳೆ ಕೈಗೆ ಬಂದೊಡನೆ ಭದ್ರಾವತಿಯ ಹುಡುಗರು ತುಟಿ ಒದ್ದೆ ಮಾಡಿಕೊಂಡು ಕೂರುವುದನ್ನು ನೋಡಬೇಕು!

ಮೊದಲ ತಾಪತ್ರಯ ಶ್ರುತಿಯದು. ಹಾರ್ಮೋನಿಯಂನ ಬಿಳಿ ಒಂದನ್ನು ಷಡ್ಜ ಮಾಡಿಕೊಂಡರೆ, ಅದೇ ಸ್ವರಕ್ಕೆ ಕ್ಲಾರಿಯೊನೆಟ್ಟಿನವನ ಹಾಳೆಯಲ್ಲಿ ‘ಡಿ’ ಬರೆಯಬೇಕು, ಆಲ್ಟೊ ಸ್ಯಾಕ್ಸೊಫೋನಿನವನಿಗೆ ‘ಎ’. ಓದುವುದು ಬೇರೆ ಬೇರೆ, ಕೇಳುವುದು ಒಂದೇ. ಡೊಳ್ಳಿಗೆ ಈ ಯಾವ ರಗಳೆಯೂ ಇಲ್ಲ.

ಡೊಳ್ಳಿನ ರಗಳೆ ಬೇರೆ. ಬೀರೇಶ್ವರನ ಒಕ್ಕಲಾದ ಕುರುಬರ ವಾದ್ಯ ಅದು. ಒಂದು ಕೈಯಲ್ಲಿ ಕೋಲು, ಇನ್ನೊಂದು ಅಂಗೈಯ ಪೆಟ್ಟು. ಅಷ್ಟು ಭಾರವನ್ನು ಸೊಂಟಕ್ಕೆ ಬಿಗಿದುಕೊಂಡವನು ಬಾರಿಸುತ್ತಲೇ ಹಾರಬೇಕು, ಹಾರಿದವನು ಪೆಟ್ಟಿನ ಮೇಲೇ ಇಳಿಯಬೇಕು. ಎರಡು ಪೆಟ್ಟುಗಳ ನಡುವೆ ಕಿವಿಗೆ ಖಾಲಿ ಅನ್ನಿಸುವ ಜಾಗದಲ್ಲಿ ಅವನ ಮೈ ಗಾಳಿಯಲ್ಲಿರುತ್ತದೆ. ಬ್ಯಾಂಡಿನವರಿಗೋ ಖಾಲಿ ಜಾಗ ಕಂಡರಾಗದು, ಟ್ರಂಪೆಟ್ಟಿನ ಒಂದು ತುಣುಕನ್ನಾದರೂ ತುರುಕಿಯೇ ತುರುಕುತ್ತಾರೆ. ನಾನು ಅಲ್ಲಿ ವಿರಾಮದ ಗುರುತು ಹಾಕಿ, ಕೆಂಪು ಶಾಯಿಯಲ್ಲಿ ಸುತ್ತು ಬರೆದುಕೊಡುತ್ತೇನೆ. ಇಡೀ ಹಾಳೆಯಲ್ಲಿ ನನಗೆ ಅತಿ ಪ್ರಿಯವಾದದ್ದು ಆ ಕೆಂಪು ಸುತ್ತುಗಳೇ.

ಲಯದ ಓಟವೂ ಹಾಗೆಯೇ. ಡೊಳ್ಳು ನಿಧಾನಕ್ಕೆ ಶುರುವಾಗಿ ಯಾರಿಗೂ ಗೊತ್ತಾಗದಂತೆ ಬಿರುಸಾಗುತ್ತದೆ. ಮೆಟ್ರೊನೋಮಿಗೆ ಕಟ್ಟಿಹಾಕಿದರೆ ಕವಾಯತು ಆದೀತು, ಕುಣಿತ ಆಗದು. ಆದ್ದರಿಂದ ನಮ್ಮಲ್ಲಿ ಬ್ಯಾಂಡ್‌ಮಾಸ್ಟರು ಕೈ ಬೀಸುವುದು ಡೊಳ್ಳಿನವನ ಪಾದ ನೋಡಿಕೊಂಡು.

ಇನ್ನು ಹಾರ್ಮನಿ. ಕೋಲಾಟದ ಎಷ್ಟೋ ಮಟ್ಟುಗಳು ಐದೇ ಸ್ವರಗಳಲ್ಲಿ ಮುಗಿಯುತ್ತವೆ. ಸ ರಿ ಗ ಪ ದ ಎಂದು ಹೋಗುವ ಹಾಡಿನ ಅಡಿಯಲ್ಲಿ ಮಧ್ಯಮದ ಮೇಲೆ ನಿಂತ ಸ್ವರಮೇಳ ಇಟ್ಟುನೋಡಿ: ಹಾಡಿನ ಒಂದಕ್ಷರವೂ ಬದಲಾಗಿರುವುದಿಲ್ಲ, ಆದರೆ ಅದು ಇಗರ್ಜಿಯ ಪ್ರಾರ್ಥನೆಯಂತೆ ಕೇಳಿಸತೊಡಗುತ್ತದೆ. ಯುಫೋನಿಯಮ್ಮಿಗೆ ನಾನು ಸ–ಪ ಬಿಟ್ಟು ಹೆಚ್ಚೇನೂ ಕೊಡುವುದಿಲ್ಲ. ಪಾಪ, ಗೊಣಗುತ್ತಾನೆ.

ಈ ಚಟಕ್ಕೆ ಹಿರಿಯನೊಬ್ಬನಿದ್ದಾನೆ, ಆಂಟ್ವರ್ಪಿನ ಟೀಲ್ಮನ್ ಸುಸಾಟೊ. ನಮ್ಮಲ್ಲಿ ಕೆಳದಿಯ ಅರಸರು ಆಳುತ್ತಿದ್ದ ಕಾಲದಲ್ಲಿ, 1551ರಲ್ಲಿ, ಅವನು ತನ್ನ ಸೀಮೆಯಲ್ಲಿ ಜನ ಕುಣಿಯುತ್ತಿದ್ದ ಮಟ್ಟುಗಳನ್ನು ನಾಲ್ಕು ದನಿಗಳಿಗೆ ಹಂಚಿ ‘ದಾನ್ಸರೈ’ ಎಂದು ಅಚ್ಚು ಹಾಕಿಸಿದ. ಸ್ವತಃ ಊರಿನ ವಾದ್ಯದವನು. ಆದರೂ ಯಾವ ದನಿ ಯಾವ ವಾದ್ಯಕ್ಕೆಂದು ಹೇಳದೆ, ಎಲ್ಲ ವಾದ್ಯಗಳಿಗೂ ಒಪ್ಪುತ್ತದೆ ಎಂದಷ್ಟೇ ನಮೂದಿಸಿದ. ಆ ಔದಾರ್ಯದಿಂದಲೇ ಇವತ್ತಿನ ಬ್ರಾಸ್ ಬ್ಯಾಂಡುಗಳೂ ಅವನನ್ನು ಸಲೀಸಾಗಿ ಊದುತ್ತವೆ. ನಾವೂ ಒಂದನ್ನು ಊದಿ ನೋಡಿದೆವು. ಡೊಳ್ಳಿನವನು ಎರಡು ಸುತ್ತು ಕೇಳಿ, ಮೂರನೆಯದಕ್ಕೆ ತಾನೇ ಕೈ ಹಾಕಿದ.

ಪರದೇಶದ ಊದುವಾದ್ಯ ನಮಗೆ ಹೊಸತೇನಲ್ಲ. ಮೈಸೂರು ಅರಮನೆಯ ಬ್ಯಾಂಡು ಕರ್ನಾಟಕ ಸಂಗೀತವನ್ನು ನುಡಿಸುತ್ತಿತ್ತು. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮರುಳಾದದ್ದು ಅದನ್ನು ಕೇಳಿಯೇ. ಭದ್ರಾವತಿಯ ಕಥೆ ಇನ್ನೂ ಕಲಸುಮೇಲೋಗರ. 1923ರಲ್ಲಿ ಇಲ್ಲಿ ಕಬ್ಬಿಣ ಕರಗತೊಡಗಿದ ಮೇಲೆ ಕೆಲಸ ಹುಡುಕಿಕೊಂಡು ಬಂದ ತಮಿಳರು, ತೆಲುಗರು ಇಲ್ಲೇ ನೆಲೆ ನಿಂತರು. ನಮ್ಮ ತಂಡದ ಜಗಳಗಳೂ ಮೂರು ಭಾಷೆಗಳಲ್ಲಿ ನಡೆಯುತ್ತವೆ, ಲೆಕ್ಕ ಹಾಕುವುದು ಮಾತ್ರ ತಕಿಟ ತಕಧಿಮಿಯಲ್ಲೇ.

ಈಚೆಗೆ ಹುಡುಗರು ಅಂಟಿಗೆ–ಪಂಟಿಗೆಯನ್ನೂ ಬರೆದುಕೊಡಿ ಎಂದು ಗಂಟುಬಿದ್ದಿದ್ದಾರೆ. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಹಾಡು ಅದು. ನಡೆದು ದಣಿದವರ ಉಸಿರಿನ ಅಳತೆಯಲ್ಲಿ ಕಟ್ಟಿದ್ದು. ಅದಕ್ಕೆ ಟ್ರಂಪೆಟ್ಟು ಬೇಡ ಎಂದಿದ್ದೇನೆ. ಬೇಕಾದರೆ ಈ ಸಲ ತೀರ್ಥಹಳ್ಳಿ ಕಡೆ ಹೋಗಿ, ಅವರ ಹಿಂದೆ ನಾಲ್ಕು ಮನೆ ನಡೆದು, ಆಮೇಲೆ ಜಗಳಕ್ಕೆ ಬರಲಿ.