ಒಂದು ದಿರ್ಹಮ್ಮಿನ ಚಾ

ಬರ್ ದುಬೈ ದಡದಲ್ಲಿ ಆಬ್ರಾ ದೋಣಿ ಹತ್ತುವಾಗ ಹೊತ್ತು ಮುಳುಗಿತ್ತು. ಅಕ್ಕನ ಮಗ ನನ್ನ ಕೈಗೊಂದು ನಾಣ್ಯ ತುರುಕಿ, "ದೋಣಿಯವನಿಗೆ ಕೊಡಿ ಮಾವ, ಒಂದೇ ದಿರ್ಹಮ್" ಅಂದ. ಕೊಡುವ ಮೊದಲು ತಿರುಗಿಸಿ ನೋಡಿದೆ. ನಾಣ್ಯದ ಮೇಲೆ ರಾಜನ ತಲೆ ಇರಲಿಲ್ಲ. ಹಕ್ಕಿಯ ಕೊಕ್ಕಿನಂಥ ಮೂತಿಯ ಕಾಫಿ ಹೂಜಿ ಇತ್ತು! ಅದರ ಹೆಸರು ದಲ್ಲಾ ಅಂತೆ. ಚಿಕ್ಕಮಗಳೂರಿನವನಿಗೆ ಇದಕ್ಕಿಂತ ದೊಡ್ಡ ಸ್ವಾಗತ ಇನ್ನೇನು ಬೇಕು?

ಆಚೆ ದಡ ದೇರಾ. ನೈಫ್‌ನ ಒಂದು ಗಲ್ಲಿಯಲ್ಲಿ ಅಂಥದ್ದೇ ಇನ್ನೊಂದು ನಾಣ್ಯ ಕೊಟ್ಟೆ. ಕೈಗೆ ಬಂದದ್ದು ಮಾತ್ರ ಕಾಫಿಯಲ್ಲ, ಪುಟ್ಟ ಕಾಗದದ ಲೋಟದಲ್ಲಿ ಇಟ್ಟಿಗೆ ಬಣ್ಣದ ಚಾ. ಇಲ್ಲಿ ಅದು 'ಕರಕ್'. ನಮ್ಮ 'ಕಡಕ್' ಚಹಾವೇ ಸಮುದ್ರ ದಾಟಿದೆ. ಅರಬ್ಬರ ನಾಲಿಗೆಗೆ 'ಡ' ಒಗ್ಗದೆ 'ರ' ಆಗಿದೆ. ಪುಡಿ, ಸಕ್ಕರೆ, ಏಲಕ್ಕಿ ಹಾಕಿ ಕುದಿಸಿ ಕುದಿಸಿ, ಮೇಲೆ ಡಬ್ಬಿಯ ಗಟ್ಟಿ ಹಾಲು ಸುರಿಯುತ್ತಾರೆ. ಹಿಂದೆ ಈ ಮರಳುಗಾಡಿನಲ್ಲಿ ಹಸುವಿನ ಹಾಲು ಎಲ್ಲಿಂದ ಬರಬೇಕಿತ್ತು? ಕೆಡದೆ ಉಳಿಯುವ ಡಬ್ಬಿ ಹಾಲೇ ಇಲ್ಲಿನ ರುಚಿಯಾಗಿಬಿಟ್ಟಿದೆ.

ಅಂಗಡಿ ಎಂದರೆ ಒಂದು ಒಲೆ, ಒಂದು ಕಟ್ಟೆ, ಗೋಡೆಗೆ ನಾಲ್ಕು ಕುರ್ಚಿ. ಹೊರಗೆ ಹಾರ್ನ್ ಕೂಗಿತು. ಕೆಲಸದ ಹುಡುಗ ಓಡಿದ. ಮನೆ ಬೆಲೆಯ ಕಾರಿನಲ್ಲಿ ಬಿಳಿ ಕಂದೂರಾ ತೊಟ್ಟ ಅರಬ. ಕಿಟಕಿ ಇಳಿಸಿ, ಬೆರಳಲ್ಲೇ 'ಎರಡು' ಅಂದ. ಅದೇ ಒಲೆಯ, ಅದೇ ಪಾತ್ರೆಯ ಚಾ ಕಾರಿನೊಳಕ್ಕೂ ಹೋಯಿತು, ಫುಟ್‌ಪಾತಿನಲ್ಲಿ ಕುಕ್ಕರಗಾಲಲ್ಲಿ ಕುಳಿತ ಕಟ್ಟಡ ಕೆಲಸದವರ ಕೈಗೂ ಬಂತು. ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂಬ ಕಾನೂನಿರುವ ದೇಶ ಇದು. "ಆಗಲೂ ಇಷ್ಟೇ ಬಿಸಿ ಚಾ ಕುಡೀತಾರೆ ಮಾವ" ಅಂದ ಅಕ್ಕನ ಮಗ. ನಾನು ಬಾಯಿ ಸುಟ್ಟುಕೊಂಡು ಬೆರಗಾದೆ.

ಇಂಗ್ಲೆಂಡಿನಲ್ಲಿ ಮನೆಗೆ ಕಷ್ಟ ಬಂದರೆ ಮೊದಲು ಒಲೆಯ ಮೇಲೆ ಚಹಾದ ನೀರಿಡುತ್ತಾರೆಂದು ಕೇಳಿದ್ದೆ. 1971ರ ಡಿಸೆಂಬರ್ 2ರಂದು ಎಮಿರೇಟುಗಳ ಒಕ್ಕೂಟ ಹುಟ್ಟುವವರೆಗೆ ಈ ಕರಾವಳಿ ಬ್ರಿಟಿಷರ ರಕ್ಷಣೆಯಲ್ಲೇ ಇತ್ತು. ಆದರೆ ಈ ಲೋಟದಲ್ಲಿ ಅವರ ಗುರುತಿಲ್ಲ. ಇರುವುದು ನಮ್ಮ ಪಶ್ಚಿಮ ಕರಾವಳಿಯದು. 1966ರವರೆಗೂ ಇಲ್ಲಿ ರೂಪಾಯಿ ಓಡುತ್ತಿತ್ತು. 1959ರಿಂದ ಕೊಲ್ಲಿಗೆಂದೇ ನಮ್ಮ ರಿಸರ್ವ್ ಬ್ಯಾಂಕ್ ಬೇರೆ ನೋಟು ತಂದಿತ್ತು. ದುಡ್ಡು ಬಂದ ದಾರಿಯಲ್ಲೇ ಚಾ ಕುದಿಸುವ ಕೈಗಳೂ ಬಂದವು.

ಒಲೆಯ ಮುಂದಿದ್ದವರು ನಮ್ಮ ಮಾತಿಗೆ ಕಿವಿ ನಿಮಿರಿಸಿದರು. "ಊರು ಎಲ್ಲಾಯ್ತು ಸರ್?"

"ಚಿಕ್ಕಮಗಳೂರು."

"ಹೋ, ಕಾಫಿಯವರು! ನಮ್ಮದು ಉಪ್ಪಳ, ಮಂಜೇಶ್ವರದ ಹತ್ತಿರ."

ಅಷ್ಟರಲ್ಲಿ ಇಸ್ತ್ರಿ ಕೆಟ್ಟ ಅಂಗಿಯ ಹುಡುಗನೊಬ್ಬ, ಕೈಯಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದು ಬಂದು ಮೂಲೆಯಲ್ಲಿ ಕೂತ. ಉಪ್ಪಳದವರು ಏನೂ ಕೇಳದೆ ಲೋಟ ಮುಂದಿಟ್ಟು, ಎಣ್ಣೆ ಹತ್ತಿದ ಪುಸ್ತಕದಲ್ಲಿ ಒಂದು ಗೀಟು ಎಳೆದರು. "ವಿಸಿಟ್ ವೀಸಾದಲ್ಲಿ ಬಂದಿದ್ದಾನೆ. ಕೆಲಸ ಹುಡುಕ್ತಾ ಇದ್ದಾನೆ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಹುಡುಗ ಎರಡೂ ಅಂಗೈಯಲ್ಲಿ ಲೋಟ ಅಪ್ಪಿಕೊಂಡು ಬಹಳ ಹೊತ್ತು ಕೂತಿದ್ದ.

ಮರುದಿನ ಬಸ್ಸು ಹಿಡಿದು ಅಬುಧಾಬಿಗೆ ಹೋದೆವು. ಗಾಜಿನ ಗೋಪುರಗಳ ನಡುವೆ ಬಿಳಿ ಬೆಣ್ಣೆ ಮುದ್ದೆಯಂತೆ ಕೂತ ಕಸ್ರ್ ಅಲ್ ಹೊಸ್ನ್ ಆ ಊರಿನ ಅತಿ ಹಳೆಯ ಕಲ್ಲುಕಟ್ಟಡ. ಅಲ್ಲಿ ಕೊನೆಗೂ ದಲ್ಲಾ ಕಣ್ಣಿಗೆ ಬಿತ್ತು. ಎಡಗೈಯಲ್ಲಿ ಹೂಜಿ, ಬಲಗೈಯಲ್ಲಿ ಹಿಡಿಯಿಲ್ಲದ ಫಿಂಜಾನ್ ಬಟ್ಟಲು. ಬಟ್ಟಲ ತಳ ಮುಚ್ಚುವಷ್ಟೇ ಸುರಿಯುತ್ತಾರೆ. ಹೊಂಬಣ್ಣ, ಏಲಕ್ಕಿ ಘಮ, ಸಕ್ಕರೆ ಇಲ್ಲ, ಜೊತೆಗೆ ಖರ್ಜೂರ. ಸಾಕೆನಿಸಿದರೆ ಬಟ್ಟಲು ಅಲ್ಲಾಡಿಸಬೇಕು. ಗೊತ್ತಿಲ್ಲದ ನಾನು ಮೂರು ಸಲ ಹಾಕಿಸಿಕೊಂಡೆ! ಈ ಉಪಚಾರವನ್ನು 2015ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿದೆ. ಹೊರಗೆ ಬಂದರೆ ರಸ್ತೆ ಬದಿಯಲ್ಲಿ ಮತ್ತದೇ ಹಾರ್ನು, ಮತ್ತದೇ ಕರಕ್. ಕಾಫಿ ಇಲ್ಲಿ ಮರ್ಯಾದೆ, ಚಾ ಬಳಕೆ. ಕಾಫಿಗೆ ಅತಿಥಿಯಾಗಿ ಹೋಗಬೇಕು. ಚಾಕ್ಕೆ ಸುಸ್ತಾಗಿದ್ದರೆ ಸಾಕು.

ಹೊರಡುವ ಹಿಂದಿನ ರಾತ್ರಿ ಮತ್ತೆ ನೈಫ್ ಗಲ್ಲಿಗೆ ಹೋದೆ. ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದ ಕಥೆಯನ್ನು ಉಪ್ಪಳದವರಿಗೆ ಹೇಳಿದೆ. ಅವರು ಚಾ ಎತ್ತಿ ಎರೆಯುತ್ತಲೇ ನಕ್ಕರು: "ಹಾಗಾದ್ರೆ ಆ ಏಳು ಬೀಜದ ಸಾಲವನ್ನು ನಾವಿಲ್ಲಿ ಚಾ ಮಾಡಿ ತೀರಿಸ್ತಾ ಇದ್ದೇವೆ ಅನ್ನಿ."

ಮೂಲೆ ಖಾಲಿಯಿತ್ತು. ಜೇಬಿನಲ್ಲಿ ಉಳಿದಿದ್ದ ನಾಣ್ಯಗಳನ್ನೆಲ್ಲ ಕಟ್ಟೆಯ ಮೇಲಿಟ್ಟು, "ಆ ಹುಡುಗನ ಲೆಕ್ಕಕ್ಕೆ ಹಾಕ್ಕೊಳ್ಳಿ" ಅಂದೆ.

ಒಂದು ನಾಣ್ಯ ಮಾತ್ರ ತೆಗೆದುಕೊಂಡು ಉಳಿದದ್ದನ್ನು ನನ್ನ ಕಡೆ ಸರಿಸಿದರು. "ಬೇಡ ಸರ್. ಅದನ್ನು ಅವನೇ ಬಂದು ಕೊಡ್ಬೇಕು. ಕೊಟ್ಟ ದಿನ ಅವನಿಗೆ ಕೆಲಸ ಸಿಕ್ಕಿತು ಅಂತ ನನಗೆ ಗೊತ್ತಾಗ್ತದೆ."