ಮಾಮುವಿನ ಶುಕ್ರವಾರ

ನಮ್ಮ ಮಾಮು ಬಳ್ಳಾರಿಯ ಒಂದು ಟಾಕೀಸಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮ್ಯಾನೇಜರ್. ತೆಕ್ಕಲಕೋಟೆಯಿಂದ ಬೆಳಗಿನ ಬಸ್ಸಿಗೆ ಹೋದರೆ, ಸೆಕೆಂಡ್ ಶೋ ಬಿಟ್ಟ ಮೇಲೆ ಅಲ್ಲೇ ಆಫೀಸಿನ ಬೆಂಚಿನ ಮೇಲೆ ಮಲಗುತ್ತಾರೆ. ಮನೆಗೆ ಬರುವುದು ಎರಡು ಮೂರು ದಿನಕ್ಕೊಮ್ಮೆ. ಯಾರಾದರೂ ವಿಚಾರಿಸಿದರೆ ನಾನಿ, "ನಮ್ಮ ಹುಡುಗ ಬಳ್ಳಾರಿಯಲ್ಲಿ ಮ್ಯಾನೇಜರ್" ಎಂದು ಉರ್ದುವಿನಲ್ಲಿ ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ಯಾವುದರ ಮ್ಯಾನೇಜರ್ ಎಂದು ಹೇಳುವುದಿಲ್ಲ.

ಟಾಕೀಸಿನವರು ದಿನಾ ಪುಕ್ಕಟೆ ಸಿನಿಮಾ ನೋಡುತ್ತಾರೆ ಎಂದು ನನ್ನ ಗೆಳೆಯರು ತಿಳಿದಿದ್ದಾರೆ. ಮಾಮು ಒಂದು ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿ ವರ್ಷಗಳಾಗಿವೆ. ಹೊಸ ಚಿತ್ರ ಬರುವುದು ಶುಕ್ರವಾರ, ಜುಮಾ ಕೂಡ ಶುಕ್ರವಾರ. ಮಾರ್ನಿಂಗ್ ಶೋ ಬಿಟ್ಟು ಮ್ಯಾಟ್ನಿ ಶುರುವಾಗುವ ನಡುವೆ ಸಿಗುವ ಹೊತ್ತಿನಲ್ಲಿ ಅವರು ಮಸೀದಿಗೆ ಓಡಬೇಕು. ಆ ಹೊತ್ತು ಗಲ್ಲಾ ಕೀಲಿ ಗೇಟ್ ಕೀಪರ್ ಕೈಯಲ್ಲಿರುತ್ತದೆ. ಇಷ್ಟು ವರ್ಷದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಆಗಿಲ್ಲವಂತೆ.

ಮೊದಲು ರೀಲಿನ ಡಬ್ಬಿಗಳು ಬರುತ್ತಿದ್ದವು. ಈಗ ಚಿತ್ರ ಡಿಜಿಟಲ್, ಅದನ್ನು ತೆರೆಯಲು ಒಂದು ಕೀ ಬರಬೇಕು. ಆ ಕೀ ತಡವಾದರೆ ಹೊರಗೆ ಹಾರ, ಪಟಾಕಿ ಹಿಡಿದು ನಿಂತ ಅಭಿಮಾನಿಗಳು ಬೈಯುವುದು ಹೀರೋನನ್ನಲ್ಲ, ವಿತರಕನನ್ನೂ ಅಲ್ಲ, ಮಾಮುವನ್ನು.

ನನಗೆ ಹಿಡಿಸಿದ್ದು ಅವರ ಡಿಸಿಆರ್, ಅಂದರೆ ದಿನದ ಗಳಿಕೆಯ ಲೆಕ್ಕದ ಹಾಳೆ. ಪ್ರತಿ ಶೋಗೆ, ಪ್ರತಿ ಕ್ಲಾಸಿಗೆ ಮೊದಲ ಟಿಕೆಟ್ ನಂಬರ್, ಕೊನೆಯ ಟಿಕೆಟ್ ನಂಬರ್, ಮಾರಿದ್ದು ಎಷ್ಟು, ತೆರಿಗೆ ಕಳೆದು ಉಳಿದದ್ದು ಎಷ್ಟು. ವಿತರಕರ ಕಡೆಯವರು ಅದನ್ನು ನೋಡಿ ಸಹಿ ಹಾಕಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬರುವ ಮುಂಚೆ ಕನ್ನಡ ಚಿತ್ರಕ್ಕೆ ಮನರಂಜನಾ ತೆರಿಗೆಯ ವಿನಾಯಿತಿ ಇತ್ತು, ತೆಲುಗು ಚಿತ್ರಕ್ಕೆ ಕಟ್ಟಬೇಕಿತ್ತು. ಬಳ್ಳಾರಿಯಲ್ಲಿ ತೆಲುಗು ಚಿತ್ರ ಎಷ್ಟು ಓಡುತ್ತದೆ ಎಂದು ನಿಮಗೆ ಗೊತ್ತೇ ಇದೆ! ಎರಡು ಬಗೆಯ ಲೆಕ್ಕವನ್ನೂ ಮಾಮು ಕೈಬರಹದಲ್ಲೇ ಇಟ್ಟವರು. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಲೆಕ್ಕ ತಾಳೆಯಾಗದಿದ್ದರೆ ಸಸ್ಪೆನ್ಸ್ ಅಕೌಂಟ್ ಎಂದು ಬರೆದು ಮುಂದೆ ಹೋಗಬಹುದು. ಮಾಮುವಿಗೆ ಅದಿಲ್ಲ. ಕಡಿಮೆ ಬಿದ್ದರೆ ಸಂಬಳದಲ್ಲಿ ಹೋಗುತ್ತದೆ.

ವಾರಕ್ಕೆ ಇಷ್ಟು ಬಾಡಿಗೆ ಎಂದೋ, ಗಳಿಕೆಯಲ್ಲಿ ಪಾಲು ಎಂದೋ ಟಾಕೀಸಿಗೆ ಹಣ ಬರುತ್ತದೆ. ಪಾಲಿನ ಮೇಲೆ ನಡೆದರೆ, ಹತ್ತು ಜನ ಕೂತರೂ ಐನೂರು ಜನ ಕೂತರೂ ಕರೆಂಟ್ ಬಿಲ್ಲು, ಕೆಲಸದವರ ಸಂಬಳ ಹಾಗೇ ಇರುತ್ತವೆ. ಸ್ಥಿರ ವೆಚ್ಚ ಎಂಬುದು ನನಗೆ ಅರ್ಥವಾದದ್ದು ಹೀಗೆ.

2020ರ ಮಾರ್ಚ್‌ನಲ್ಲಿ ಟಾಕೀಸುಗಳು ಮುಚ್ಚಿದವು. ಅಕ್ಟೋಬರ್ 15ರಿಂದ ಅರ್ಧ ಸೀಟಿಗೆ ಅನುಮತಿ ಸಿಕ್ಕಿತು. ಆ ತಿಂಗಳುಗಳಲ್ಲೂ ಮಾಮು ಆಗಾಗ ಹೋಗಿ, ಮಷೀನು ಕೆಡಬಾರದೆಂದು ಖಾಲಿ ಹಾಲಿನಲ್ಲಿ ಪ್ರೊಜೆಕ್ಟರ್ ಓಡಿಸಿ ಬರುತ್ತಿದ್ದರು. ಅದಕ್ಕೆ ಯಾರೂ ದುಡ್ಡು ಕೊಡಲಿಲ್ಲ.

ಈಗ ಮಾಲೀಕರು ಜಾಗವನ್ನು ಕಲ್ಯಾಣ ಮಂಟಪ ಮಾಡುವ ಮಾತಾಡುತ್ತಿದ್ದಾರೆ. ಮಾಮುವಿಗೆ ಐವತ್ತು ದಾಟಿದೆ, ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದಾರೆ. ಹೋದ ತಿಂಗಳು ಊಟಕ್ಕೆ ಕೂತಾಗ, ನಾನಿಗೆ ಕೇಳಿಸದ ಹಾಗೆ, "ಟ್ಯಾಲಿ ಕಲಿಯೋಕೆ ಎಷ್ಟು ದಿನ ಬೇಕು ಬೇಟಾ?" ಎಂದರು. ಮೂರು ತಿಂಗಳು ಎಂದೆ. ಸ್ವಲ್ಪ ಹೊತ್ತು ರೊಟ್ಟಿ ಮುರಿಯುತ್ತಾ ಕೂತು, "ಭಾನುವಾರ ಕ್ಲಾಸ್ ಇರುತ್ತಾ? ಶುಕ್ರವಾರ ನನಗೆ ಆಗಲ್ಲ" ಎಂದರು.